ಗೊತ್ತಿದ್ದ ಕೊಲೆಗಾರ

ನಮ್ಮ ಮನೆಯಲ್ಲಿ ಪತ್ತೇದಾರಿ ಧಾರಾವಾಹಿ ನೋಡುವುದೆಂದರೆ ಒಂದು ಪಂದ್ಯವಿದ್ದ ಹಾಗೆ. ಹೆಣ ಸಿಕ್ಕ ಹತ್ತು ನಿಮಿಷದೊಳಗೆ ಕೊಲೆಗಾರ ಯಾರೆಂದು ನಮ್ಮ ನೆಗೆಣ್ಣಿ ಹೇಳಿಬಿಡುತ್ತಾಳೆ. ಅವಳ ಲೆಕ್ಕ ಬಹಳ ಸರಳ. ಮೊದಲು ಯಾರ ಮೇಲೆ ಸಂಶಯ ಬರುತ್ತದೋ ಅವನಲ್ಲ. ಸತ್ತವರ ಜೊತೆ ಜಗಳಾಡಿದವನೂ ಅಲ್ಲ. ಪೊಲೀಸರಿಗೆ ಚಹಾ ತಂದುಕೊಟ್ಟು, 'ಪಾಪ, ಬಂಗಾರದಂಥ ಮನುಷ್ಯ' ಎಂದು ಕಣ್ಣೊರೆಸಿಕೊಂಡು ಮೂಲೆಯಲ್ಲಿ ನಿಲ್ಲುತ್ತಾನಲ್ಲ, ಅವನೇ! ಹತ್ತಕ್ಕೆ ಎಂಟು ಸಲ ಅವಳ ಮಾತು ನಿಜವಾಗುತ್ತದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ಅವಳು. ದೊಡ್ಡ ದೊಡ್ಡ ಅಧಿಕಾರಿಗಳು ಒಂದು ತಾಸು ಒದ್ದಾಡಿ ಕಂಡುಹಿಡಿಯುವುದನ್ನು ಸೊಪ್ಪು ಸೋಸುತ್ತಾ ಹೇಳುತ್ತಾಳೆಂದರೆ, ಕಥೆ ಬರೆಯುವವರಿಗೆ ಸ್ವಲ್ಪ ನಾಚಿಕೆಯಾಗಬೇಡವೇ?

ಸೋನಿ ಚಾನೆಲ್ಲಿನ 'ಸಿ.ಐ.ಡಿ.' 1998ರಲ್ಲಿ ಶುರುವಾಗಿ 2018ರವರೆಗೆ ನಡೆಯಿತು. ಸಾವಿರದ ಐನೂರಕ್ಕೂ ಹೆಚ್ಚು ಕಂತುಗಳು. 2024ರ ಕೊನೆಯಲ್ಲಿ ಮತ್ತೆ ಬಂತು. ಹಿಂದಿ ಸರಿಯಾಗಿ ಬಾರದ ನಮ್ಮ ಓಣಿಯ ಮಕ್ಕಳು ಕೂಡ ಅದರ ಬಾಗಿಲು ಒಡೆಯುವ ಆಟ ಆಡಿ ಮನೆಯ ಕದದ ಚಿಲಕ ಮುರಿದಿದ್ದಾರೆ. ಅದೇ ಹೆಣ, ಅದೇ ಪ್ರಯೋಗಾಲಯದ ಡಾಕ್ಟರು, ಅದೇ ಕಪಾಳಮೋಕ್ಷ, ಅದೇ ತಪ್ಪೊಪ್ಪಿಗೆ. ಆಮೇಲೆ ಬಂದ ಎಷ್ಟೋ ಧಾರಾವಾಹಿಗಳು, ಕನ್ನಡದವೂ ಸೇರಿ, ಅದೇ ಅಚ್ಚಿನಲ್ಲಿ ತೆಗೆದ ಬೆಲ್ಲದಂತೆ ಇರುತ್ತವೆ.

ಇದನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿದಾಗ ನನ್ನ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. 'ದಿನಾ ಇಡೀ ದುಡುದು ಸಾಕಾಗಿರತೈತ್ರಿ ಅಕ್ಕೋರ. ಹೊಸಾದು ತಿಳಕೊಳ್ಳಾಕ ತಲಿ ಎಲ್ಲೈತಿ? ಅಲ್ಲೆ ಆದ್ರೂ ಕಡೀಕೆ ಒಬ್ಬ ಸಿಕ್ಕಿಬೀಳ್ತಾನ, ಅಷ್ಟ ಸಮಾಧಾನ' ಎಂದರು. ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಹಾಗಾದರೆ ಕಂಡದ್ದನ್ನೇ ಮತ್ತೆ ತೋರಿಸುವುದು, ಇನ್ನೊಬ್ಬರದನ್ನು ನಕಲು ಮಾಡುವುದು ನಿಜವಾಗಿಯೂ ಒಂದು ತಪ್ಪೇ?

ನಕಲು ಇಂದು ನಿನ್ನೆಯದಲ್ಲ. ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ಡ್ಯೂಪಿನ್ ಎಂಬ ವಿಚಿತ್ರ ಬುದ್ಧಿವಂತನನ್ನೂ, ಅವನ ಕಥೆ ಹೇಳುವ ಗೆಳೆಯನನ್ನೂ ಸೃಷ್ಟಿಸಿದರು. 1887ರಲ್ಲಿ ಕಾನನ್ ಡಾಯ್ಲ್ ಅದೇ ಜೋಡಿಯನ್ನು ಷರ್ಲಾಕ್ ಹೋಮ್ಸ್ ಮತ್ತು ವಾಟ್ಸನ್ ಮಾಡಿದರು. ತಮಾಷೆ ನೋಡಿ, ಮೊದಲ ಕಾದಂಬರಿಯಲ್ಲೇ ಹೋಮ್ಸ್ ಆ ಡ್ಯೂಪಿನ್‌ನನ್ನು ಹೀಗಳೆಯುತ್ತಾನೆ! 1932ರಲ್ಲಿ ಬಂಗಾಳದ ಶರದಿಂದು ಬಂದ್ಯೋಪಾಧ್ಯಾಯರು ಬ್ಯೋಮಕೇಶನಿಗೂ ಅಜಿತನೆಂಬ ಬರೆಯುವ ಗೆಳೆಯನನ್ನು ಕೊಟ್ಟರು. 1993ರಲ್ಲಿ ಬಾಸು ಚಟರ್ಜಿಯವರು ಅದನ್ನು ದೂರದರ್ಶನಕ್ಕೆ ತಂದಾಗ ನಾವೆಲ್ಲ ಕಣ್ಣು ಮಿಟುಕಿಸದೆ ನೋಡಿದೆವು. ನಮ್ಮ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮ ಎಷ್ಟು ಮಂದಿಗೆ ಓದಿನ ರುಚಿ ಹಚ್ಚಿದನೋ ಲೆಕ್ಕವಿಲ್ಲ. ಎರವಲು ತಂದ ಹೆಪ್ಪಿನಿಂದಲೂ ಮನೆಯ ಹಾಲು ಮೊಸರಾಗುತ್ತದೆ. ಹಾಲು ನಮ್ಮದಿರಬೇಕು, ಅಷ್ಟೆ.

ಇನ್ನು ನಮ್ಮ ಜಿಲ್ಲೆಯ ಮಾತು ತೆಗೆದುಕೊಳ್ಳಿ. ಕೊಪ್ಪಳ ತಾಲ್ಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಜೀವಮಾನವಿಡೀ ಅವರು ತೊಗಲುಗೊಂಬೆಗಳಲ್ಲಿ ಆಡಿಸಿದ್ದು ರಾಮಾಯಣ, ಮಹಾಭಾರತ. ರಾವಣ ಸಾಯುತ್ತಾನೆಂಬುದು ಪರದೆಯ ಮುಂದೆ ಕೂತ ಕೂಸಿಗೂ ಗೊತ್ತು. 'ಇದು ಹಳೇ ಕಥಿ' ಎಂದು ಯಾರಾದರೂ ಎದ್ದು ಹೋಗಿದ್ದಾರೆಯೇ? ಕಿನ್ನಾಳದ ಚಿತ್ರಗಾರರೂ ತಲೆಮಾರುಗಳಿಂದ ಅದೇ ದೇವರುಗಳ ಗೊಂಬೆಗಳಿಗೆ ಬಣ್ಣ ಹಚ್ಚುತ್ತಾ ಬಂದಿದ್ದಾರೆ. ಹೊಸತಲ್ಲ ಎಂಬುದೇ ದೋಷವಾದರೆ ಇವರೆಲ್ಲ ದೋಷಿಗಳಾಗಬೇಕು.

ಹಾಗಾದರೆ ವ್ಯತ್ಯಾಸವೆಲ್ಲಿದೆ? ನನಗೆ ತೋಚುವುದು ಇಷ್ಟು. ಗೊಂಬೆಯಾಟದಲ್ಲಿ ಕೊನೆ ಗೊತ್ತಿರುವುದರಿಂದಲೇ ನಾವು ಬೇರೆ ಏನನ್ನೋ ಯೋಚಿಸಲು ಬಿಡುವಾಗುತ್ತೇವೆ. ದ್ರೌಪದಿಯ ಸೀರೆಗೆ ದುಶ್ಶಾಸನ ಕೈ ಹಾಕಿದನೆಂಬುದು ಸುದ್ದಿಯಲ್ಲ. ಅಷ್ಟು ಜನ ಹಿರಿಯರು ಯಾಕೆ ತಲೆ ತಗ್ಗಿಸಿ ಕೂತರು ಎಂಬುದು ಪ್ರಶ್ನೆ. ಅದು ಎಷ್ಟು ಸಲ ನೋಡಿದರೂ ಮುಗಿಯುವುದಿಲ್ಲ. ನಮ್ಮ ಧಾರಾವಾಹಿಯಲ್ಲಿ ಇರುವುದು ಒಂದೇ ಪ್ರಶ್ನೆ: ಯಾರು? ಉತ್ತರ ಸಿಕ್ಕ ಕೂಡಲೇ ಟಿವಿ ಆರಿಸಿ ಮಲಗಬಹುದು. ಸತ್ತ ಹುಡುಗಿಗೆ ಏನು ಇಷ್ಟವಿತ್ತು, ಅವಳ ತಾಯಿ ಮರುದಿನ ಒಲೆ ಹಚ್ಚಿದಳೇ, ಅವಳ ತಮ್ಮ ಶಾಲೆಗೆ ಹೋದನೇ, ಯಾವುದೂ ಬೇಡ. ಅವಳು ಬರೀ 'ಬಾಡಿ'.

ಮಕ್ಕಳಿಗೆ ಹಸುವಿನ ಮೇಲೆ ಪ್ರಬಂಧ ಬರೆಯಲು ಹೇಳುತ್ತೇನೆ. ನಲವತ್ತು ಮಕ್ಕಳೂ 'ಹಸು ಒಂದು ಸಾಕು ಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ' ಎಂದೇ ಶುರು ಮಾಡುತ್ತಾರೆ. ಒಂದು ವರ್ಷ ಒಬ್ಬ ಹುಡುಗಿ, ಅಪ್ಪನ ಆಪರೇಷನ್ನಿಗಾಗಿ ಹಸು ಮಾರಿದರೆಂದೂ, ಖಾಲಿ ಗೋದಲಿಯ ಮುಂದೆ ಅವ್ವ ದಿನಾ ಕಸ ಗುಡಿಸುತ್ತಾಳೆಂದೂ ಬರೆದಿದ್ದಳು. ಅವಳು ಹೊಸದೇನನ್ನೂ ಕಲ್ಪಿಸಿರಲಿಲ್ಲ. ಕಣ್ಣೆದುರಿಗಿದ್ದದ್ದನ್ನು ನೋಡಿದ್ದಳು. ಸ್ವಂತಿಕೆ ಎಂದರೆ ಇದೇ ಇರಬೇಕು. ನಲವತ್ತರಲ್ಲಿ ಉಳಿದವರು ಸುಳ್ಳು ಬರೆದಿರಲಿಲ್ಲ. ಆದರೆ ತಮ್ಮ ಹಸುವನ್ನು ನೋಡದೆಯೇ ಬರೆದಿದ್ದರು.

ನೋಡದೆ ಬರೆದ ಪ್ರಬಂಧದಿಂದ ಹೋಗುವುದು ನಾಲ್ಕು ಅಂಕ. ನೋಡದೆ ಬರೆದ ಅಪರಾಧದ ಕಥೆಯಿಂದ ಹೋಗುವುದು ಅದಕ್ಕಿಂತ ದೊಡ್ಡದು. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಕಾಲೇಜಿಗೆ ಕುಷ್ಟಗಿಗೆ ಬಸ್ಸಿನಲ್ಲಿ ಓಡಾಡಬೇಕಿತ್ತು. ತಾಯಿ ಬಿಲ್‌ಕುಲ್ ಒಲ್ಲೆ ಎಂದಳು. ನಾನು ಕೇಳಲು ಹೋದರೆ, 'ದಿನಾ ಟಿವ್ಯಾಗ ನೋಡ್ತೀವಲ್ರಿ ಅಕ್ಕೋರ, ಹೊರಗ ಹ್ವಾದ ಹುಡುಗ್ಯಾರ ಗತಿ ಏನಾಗತೈತಿ ಅಂತ' ಎಂದಳು. ಹೆತ್ತವಳ ಭಯ ಟಿವಿಗಿಂತ ಹಳೆಯದು, ನಿಜ. ಆದರೆ ಆ ಭಯಕ್ಕೊಂದು ಚಿತ್ರ ಬೇಕಿತ್ತು. ಕತ್ತಲ ರಸ್ತೆ, ಒಂಟಿ ಹುಡುಗಿ, ಮುಖ ಮುಚ್ಚಿದ ಅಪರಿಚಿತ, ಇದನ್ನು ಧಾರಾವಾಹಿ ಕೊಟ್ಟಿತ್ತು. ಒಂದು ವರ್ಷ ಆ ಹುಡುಗಿ ಮನೆಯಲ್ಲೇ ಕೂತಳು. ಮರುವರ್ಷ ಊರಿನ ಇನ್ನಿಬ್ಬರು ಹುಡುಗಿಯರು ಜೊತೆಯಾದ ಮೇಲೆ ಬಸ್ಸು ಹತ್ತಿದಳು.

ಆ ಚಿತ್ರ ನಿಜವೇ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳನ್ನು ನೋಡಿದರೆ ಬೇರೆಯೇ ಕಥೆಯಿದೆ. ಅತ್ಯಾಚಾರದ ನೂರು ಪ್ರಕರಣಗಳಲ್ಲಿ ತೊಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಆ ಹೆಣ್ಣಿಗೆ ಗೊತ್ತಿದ್ದವನೇ. ನೆರೆಯವನು, ನೆಂಟ, ಸ್ನೇಹಿತ. 2022ರಲ್ಲಿ ಹೆಂಗಸರ ಮೇಲಿನ ಅಪರಾಧಗಳೆಂದು ದಾಖಲಾದವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು, ಶೇಕಡಾ 31ರಷ್ಟು, ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯದ್ದು. ಅಂದರೆ ನಾವು ಕದ ಭದ್ರವಾಗಿ ಹಾಕಿಕೊಂಡು ಒಳಗೆ ಕೂತು, ಹೊರಗಿನವನಿಗೆ ಹೆದರುತ್ತಿದ್ದೇವೆ. ನೆಗೆಣ್ಣಿಯ ಲೆಕ್ಕ, ಚಹಾ ತಂದುಕೊಟ್ಟವನೇ ಕಳ್ಳ ಎಂಬುದು, ಒಂದು ರೀತಿಯಲ್ಲಿ ಸರಿಯೇ ಆಯಿತು. ಆದರೆ ಅವಳು ಅದನ್ನು ಪರದೆಗೆ ಮಾತ್ರ ಹಾಕುತ್ತಾಳೆ. ಓಣಿಯಲ್ಲಿ ಒಬ್ಬಳು ಹಣೆಗೆ ಗಾಯ ಮಾಡಿಕೊಂಡು ಬಂದು 'ಬಚ್ಚಲದಾಗ ಜಾರಿದೆ' ಎಂದರೆ ನಾವೆಲ್ಲ ನಂಬಿದಂತೆ ಮಾಡುತ್ತೇವೆ. ಅಲ್ಲಿ ನಮ್ಮ ಪತ್ತೇದಾರಿಕೆ ಮಲಗಿಬಿಡುತ್ತದೆ.

ಕಥೆಗಳಿಗೇನು ಬರವೇ? ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ, ಸಿನಿಮಾ ನೋಡಲು ಹೋದಾಗ ನಡೆದ ಜಗಳದ ಬೆನ್ನಿಗೆ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟರು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳು ಅವರಲ್ಲಿ ಬಹುಪಾಲು ಜನರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಇದರಲ್ಲಿ 'ಯಾರು' ಎಂಬ ಗುಟ್ಟಿಲ್ಲ, ಚಾಣಾಕ್ಷ ಪತ್ತೇದಾರನಿಲ್ಲ, ಮೂಲೆಯಲ್ಲಿ ನಿಂತ ಒಬ್ಬನೇ ಕಳ್ಳನಿಲ್ಲ. ಹತ್ತು ವರ್ಷ ಸಾಕ್ಷಿ ಹೇಳಲು ಓಡಾಡಿದ ಬಡವರಿದ್ದಾರೆ. ಅದೇ ಊರಿನಲ್ಲಿ, ಅದೇ ಬಾವಿ, ಅದೇ ಅಂಗಡಿಯ ಮುಂದೆ ಎರಡೂ ಕಡೆಯವರು ದಿನಾ ಎದುರಾಗಬೇಕಾದ ಬದುಕಿದೆ. ಆ ಹತ್ತು ವರ್ಷವನ್ನು ಬರೆಯಲು ಪ್ರಯೋಗಾಲಯವೂ ಬೇಡ, ಪಿಸ್ತೂಲೂ ಬೇಡ.

ನನ್ನ ಸಹೋದ್ಯೋಗಿಯ ಸಮಾಧಾನವನ್ನು ಕಿತ್ತುಕೊಳ್ಳುವ ಆಸೆ ನನಗಿಲ್ಲ. ದಣಿದವರಿಗೆ ಗೊತ್ತಿದ್ದ ಕಥೆ ಬೇಕಾಗುತ್ತದೆ, ಗೊತ್ತಿದ್ದ ಹಾಡು ಬೇಕಾದ ಹಾಗೆ. ಆದರೆ ದಿನವೂ ಒಂದು ತಾಸಿನಲ್ಲಿ ಸಿಗುವ ನ್ಯಾಯಕ್ಕೆ ಒಗ್ಗಿದ ಮನಸ್ಸು, ಹತ್ತು ವರ್ಷ ಕೋರ್ಟಿನ ಕಟ್ಟೆಯ ಮೇಲೆ ಕೂತವರನ್ನು ಕಂಡರೆ ಬೇಸರಪಟ್ಟುಕೊಂಡು ಮುಖ ತಿರುಗಿಸುತ್ತದೆಯೇನೋ ಎಂಬ ಅಂಜಿಕೆ ಮಾತ್ರ ನನ್ನದು.

ಹಾಗಾಗಿ ಧಾರಾವಾಹಿ ನೋಡಬೇಡಿ ಎಂದು ಹೇಳುವುದಿಲ್ಲ, ನಾನೂ ನೋಡುತ್ತೇನೆ. ಕೊಲೆಗಾರ ಸಿಕ್ಕ ಮೇಲೆ, ಪಕ್ಕದಲ್ಲಿ ಕೂತ ಮಗಳನ್ನೋ ಸೊಸೆಯನ್ನೋ ಒಂದು ಮಾತು ಕೇಳಿ ನೋಡಿ: 'ಸತ್ತಾಕಿ ಹೆಸರೇನು?' ಬಹಳ ಸಲ ಇಬ್ಬರಿಗೂ ನೆನಪಿರುವುದಿಲ್ಲ.