ಉಪವಾಸವೂ ಒಳಧೂಳೂ

ಉಪವಾಸದ ದಿನವೇ ಕೋಪವು ಹೆಚ್ಚಾಗಿ ತೋರುವುದೇಕೆ? ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಯನ್ನು ಆರಾಧಿಸಿ, ಅಂದೇ ಮಧ್ಯಾಹ್ನ ಮನೆಯವರ ಮೇಲೆ ಸಿಡುಕುವುದು ಅನೇಕ ಶ್ರಾವಕರ ಮನೆಗಳ ಅನುಭವ. ಹಸಿದು ಸಿಡುಕುವುದಕ್ಕಿಂತ ಉಂಡು ಶಾಂತವಾಗಿರುವುದು ಲೇಸಲ್ಲವೇ ಎಂದು ಕಿರಿಯರು ಕೇಳುತ್ತಾರೆ. ಪ್ರಶ್ನೆಯು ಉದ್ಧಟತನದ್ದಲ್ಲ, ಉತ್ತರಕ್ಕೆ ಅರ್ಹವಾದುದು. ಆ ಕಿರಿಯರ ಕೈಯಲ್ಲಿರುವ ಕ್ಯಾಮೆರಾವೇ ತಕ್ಕ ದೃಷ್ಟಾಂತವನ್ನು ಒದಗಿಸುತ್ತದೆ.

ಮಸೂರವನ್ನು ಕಳಚಲಾಗದ ಡಿಜಿಟಲ್ ಕ್ಯಾಮೆರಾಗಳುಂಟು. ಕಳಚಲಾಗದ ಕಾರಣ ಒಳಗೆ ಧೂಳು ಸೇರದೆಂದು ಕೊಂಡವರು ನಂಬುತ್ತಾರೆ. ಆದರೆ ಮಸೂರದ ಕೊಳವೆಯು ಹೊರಚಾಚಿ ಒಳಸರಿಯುವಾಗಲೆಲ್ಲ ಕಮ್ಮಾರನ ತಿದಿಯಂತೆ ಗಾಳಿಯನ್ನು ಎಳೆಯುತ್ತದೆ. ಗಾಳಿಯೊಡನೆ ಬಂದ ಕಣವು ಬಿಂಬವನ್ನು ಗ್ರಹಿಸುವ ಸೆನ್ಸರಿನ ಮೇಲಣ ಗಾಜಿಗೆ ಅಂಟಿಕೊಳ್ಳುತ್ತದೆ. ಹಿಂದಿನ ಕ್ಯಾಮೆರಾಗಳಲ್ಲಿ ಪ್ರತಿ ಚಿತ್ರಕ್ಕೂ ಹೊಸ ಫಿಲಂ ಸರಿಯುತ್ತಿತ್ತು. ಅದಕ್ಕಂಟಿದ ಧೂಳೂ ಅದರೊಡನೆ ಸರಿಯುತ್ತಿತ್ತು. ಸೆನ್ಸರಾದರೋ ಒಂದೇ. ಆದುದರಿಂದ ಕಲೆಯು ಎಲ್ಲ ಚಿತ್ರಗಳಲ್ಲಿಯೂ ಅದೇ ಸ್ಥಳದಲ್ಲಿ ಬೀಳುತ್ತದೆ.

ಬೆಳಕಿನ ರಂಧ್ರವನ್ನು ಅಗಲವಾಗಿ ತೆರೆದು ಗಾಂಧಿ ಬಜಾರಿನ ಹೂವಿನ ರಾಶಿಯನ್ನು ಚಿತ್ರಿಸಿದರೆ ಆ ಕಲೆ ಕಾಣದು. ರಂಧ್ರವನ್ನು ಎಫ್ 16ಕ್ಕೆ ಕಿರಿದುಗೊಳಿಸಿ, ಲಾಲ್‌ಬಾಗಿನ ಬಂಡೆಯ ಮೇಲಣ ಕೆಂಪೇಗೌಡ ಗೋಪುರವನ್ನು ಬರಿಯ ಆಕಾಶದ ಹಿನ್ನೆಲೆಯಲ್ಲಿ ತೆಗೆದರೆ ಕಪ್ಪು ಚುಕ್ಕೆ ಎದ್ದು ತೋರುತ್ತದೆ. ಅಗಲವಾದ ರಂಧ್ರದಿಂದ ಬೆಳಕು ನಾನಾ ಕೋನಗಳಲ್ಲಿ ಬಂದು ಕಣದ ನೆರಳನ್ನು ಮಸುಕುಗೊಳಿಸುತ್ತದೆ. ಕಿರಿದಾದ ರಂಧ್ರದಿಂದ ಬಂದ ಬೆಳಕು ನೆರಳನ್ನು ಸ್ಪಷ್ಟಗೊಳಿಸುತ್ತದೆ. ಕಿರಿದಾದ ರಂಧ್ರವು ಧೂಳನ್ನು ತಂದುದಲ್ಲ, ತೋರಿಸಿದುದು.

ಉಪವಾಸದಲ್ಲಿ ನಡೆಯುವುದೂ ಇದೇ. ಊಟ, ಹರಟೆ, ವ್ಯವಹಾರಗಳಿಂದ ತುಂಬಿದ ದಿನದಲ್ಲಿ ಕಷಾಯವು ಇದ್ದೂ ಕಾಣದು. ಇಂದ್ರಿಯಗಳ ಬಾಗಿಲನ್ನು ಕಿರಿದುಗೊಳಿಸಿದ ದಿನ ಅದು ತನ್ನ ನಿಜರೂಪದಲ್ಲಿ ಗೋಚರಿಸುತ್ತದೆ. ಇಂದು ಸೊಸೆಯ ಮೇಲೆ, ನಾಳೆ ಅಂಗಡಿಯವನ ಮೇಲೆ ಬೀಳುವ ಕೋಪವು ಒಂದೇ ಬಗೆಯದಾಗಿದ್ದರೆ, ದೋಷವು ಎದುರಿಗಿರುವವರದಲ್ಲ, ನೋಡುವವನದೆಂದು ತಿಳಿಯಬೇಕು. ಸಮಯಸಾರದ ಬಂಧಾಧಿಕಾರದಲ್ಲಿ ಕುಂದಕುಂದಾಚಾರ್ಯರು ಮೈಗೆ ಎಣ್ಣೆ ಬಳಿದುಕೊಂಡು ಧೂಳಿನ ನೆಲದಲ್ಲಿ ವ್ಯಾಯಾಮ ಮಾಡುವವನ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಧೂಳು ಅಂಟುವುದು ಎಣ್ಣೆಯ ಜಿಡ್ಡಿನಿಂದ; ಕರ್ಮರಜವು ಅಂಟುವುದು ರಾಗಾದಿಗಳಿಂದ.

ಕಲೆಯನ್ನು ಕಂಡವನು ಎರಡು ತಪ್ಪುದಾರಿಗಳನ್ನು ಹಿಡಿಯಬಹುದು. ಕಲೆ ಕಾಣದಿರಲೆಂದು ರಂಧ್ರವನ್ನು ಮತ್ತೆ ಅಗಲಗೊಳಿಸುವುದು ಒಂದು. ಅದು ವ್ರತವನ್ನೇ ಬಿಡುವುದಕ್ಕೆ ಸಮಾನ. ಚಿತ್ರದಲ್ಲಿ ಮಾತ್ರ ಚುಕ್ಕೆಯನ್ನು ಅಳಿಸಿಬಿಡುವುದು ಇನ್ನೊಂದು. ಅದು ಒಳಗೆ ಕುದಿಯುತ್ತ ಹೊರಗೆ ನಗುವವನ ಉಪಾಯ. ಎರಡರಲ್ಲಿಯೂ ಧೂಳು ಇದ್ದಲ್ಲಿಯೇ ಇರುತ್ತದೆ. ಹಾಗೆಂದು, ಉಪವಾಸವು ತೋರಿಸಿಕೊಟ್ಟಿತೆಂಬ ನೆಪದಿಂದ ಸಿಡುಕಿಗೆ ಅನುಮತಿ ದೊರೆಯಲಿಲ್ಲ. ಕಂಡ ದೋಷವನ್ನು ಉಳಿಸಿಕೊಳ್ಳುವವನು ಕಾಣದವನಿಗಿಂತ ಹೆಚ್ಚು ಹೊಣೆಗಾರ.

ತತ್ತ್ವಾರ್ಥಸೂತ್ರವು ಅನಶನವನ್ನು ಬಾಹ್ಯ ತಪಸ್ಸುಗಳಲ್ಲಿ ಮೊದಲಿಗೆ, ಪ್ರಾಯಶ್ಚಿತ್ತವನ್ನು ಅಭ್ಯಂತರ ತಪಸ್ಸುಗಳಲ್ಲಿ ಮೊದಲಿಗೆ ಎಣಿಸುತ್ತದೆ. ಪ್ರಾಯಶ್ಚಿತ್ತದ 9 ಭೇದಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಗುರುವಿನ ಮುಂದೆ ದೋಷವನ್ನು ಮುಚ್ಚುಮರೆಯಿಲ್ಲದೆ ನಿವೇದಿಸುವುದು. ಮೊದಲನೆಯ ತಪಸ್ಸು ತೋರಿಸಿದುದನ್ನು ಎರಡನೆಯದು ತೊಳೆಯಬೇಕು. ಇಲ್ಲಿ ದೃಷ್ಟಾಂತಕ್ಕೆ ಮಿತಿಯುಂಟು: ಕ್ಯಾಮೆರಾವನ್ನು ಬಿಚ್ಚಿ ಧೂಳು ತೆಗೆಯಲು ಕುಶಲನಾದ ಕೆಲಸಗಾರನಿದ್ದಾನೆ, ಜೀವನ ಧೂಳನ್ನು ಜೀವನೇ ಕೊಡಹಬೇಕು. ಗುರುವು ದಾರಿಯನ್ನು ತೋರಿಯಾನು, ನಿರ್ಜರೆಯನ್ನು ಮಾಡಿಕೊಡಲಾರನು.

ಆದುದರಿಂದ ಕಿರಿಯರ ಪ್ರಶ್ನೆಗೆ ಉತ್ತರವಿಷ್ಟು: ಉಪವಾಸವನ್ನು ಬಿಡಬೇಕಾದುದಿಲ್ಲ, ಅದನ್ನು ಪೂರ್ಣಗೊಳಿಸಬೇಕು. ಯಾರ ಮೇಲೆ ಸಿಡುಕಲಾಯಿತೋ ಅವರಲ್ಲಿ, ವಯಸ್ಸಿನಲ್ಲಿ ಕಿರಿಯರಾದರೂ, ಪಾರಣೆಗೆ ಮೊದಲೇ ಕ್ಷಮೆ ಕೇಳುವುದು ಉಚಿತ.