ಉಳಿದ ಐದು ಎಲ್ಲಿ?

95 ಅಂಕ ತಂದ ಮಗಳನ್ನು 'ಉಳಿದ ಐದು ಎಲ್ಲಿ?' ಎಂದು ಗದರುವ ತಾಯಂದಿರನ್ನು ಕಂಡಾಗಲೆಲ್ಲ ನನಗೆ ರಾಹುಲ್ ದ್ರಾವಿಡ್ ನೆನಪಾಗುತ್ತಾರೆ.

1996ರ ಜೂನ್, ಲಾರ್ಡ್ಸ್ ಮೈದಾನ. ನಮ್ಮ ಬೆಂಗಳೂರಿನ ಹುಡುಗನ ಮೊದಲ ಟೆಸ್ಟ್. ಅವರೊಂದಿಗೇ ಟೆಸ್ಟ್‌ಗೆ ಕಾಲಿಟ್ಟ ಗಂಗೂಲಿ 131 ಹೊಡೆದರು. ದ್ರಾವಿಡ್ 95ಕ್ಕೆ ಔಟಾದರು. ಚೆಂಡು ಬ್ಯಾಟಿಗೆ ಸವರಿತ್ತು. ಅಂಪೈರ್ ಬೆರಳೆತ್ತಲೆಂದು ಕಾಯದೆ ಹೊರಟೇಬಿಟ್ಟರು. ಟಿ.ವಿ. ಮುಂದೆ ಕೂತಿದ್ದ ನನಗೆ ಆ ಐದು ರನ್ನಿಗಾಗಿ ಕರುಳು ಚುರ್ ಎಂದಿತು.

ಲಾರ್ಡ್ಸ್‌ನಲ್ಲಿ ಶತಕ ಅವರಿಗೆ ಒಲಿದದ್ದು 2011ರಲ್ಲಿ, ಹದಿನೈದು ವರ್ಷಗಳ ಮೇಲೆ. ಅಷ್ಟರಲ್ಲಿ ಅವರು ಮನೆಮನೆಯ ಮಾತಾಗಿ ಎಷ್ಟೋ ಕಾಲವಾಗಿತ್ತು.

ರನ್ನಿನ ಲೆಕ್ಕ ಪುಸ್ತಕದಲ್ಲಿ ಉಳಿಯುತ್ತದೆ. ಯಾರೂ ಹೇಳುವ ಮೊದಲೇ ತನ್ನ ಔಟನ್ನು ಒಪ್ಪಿಕೊಳ್ಳುವ ಗುಣಕ್ಕೆ ಅಂಕ ಕೊಡುವವರು ಯಾರು? ಶಾಲೆಯ ಅಂಕಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಮನೆಯಲ್ಲಿ ನಾವೇ ಕೊಡಬೇಕು.