ಮುಚ್ಚಿಟ್ಟ ಮುಳ್ಳು: ಪಾಪನಿವೇದನೆ, ಆಲೋಚನಾ ಮತ್ತು ಕ್ಷಮೆ

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ, ಅಮರೇಶ್ವರನ ಜಾತ್ರೆಯಿಂದ ಸುತ್ತಣ ಸೀಮೆಗೆಲ್ಲ ಪರಿಚಿತವಾದ ಊರು. ಅದೇ ತಾಲ್ಲೂಕಿನ ಮುದಗಲ್ಲಿನಲ್ಲಿ, ಆದಿಲ್‌ಶಾಹಿ ಅರಸರ ಕಾಲದಲ್ಲಿ ಗೋವೆಯ ಕಡೆಯಿಂದ ಬಂದ ಯೇಸುಸಭೆಯ ಗುರುಗಳ ಮೂಲಕ ನೆಲೆಗೊಂಡ ಕ್ರೈಸ್ತ ಸಮುದಾಯವೊಂದು ಶತಮಾನಗಳಿಂದ ಬಾಳಿಕೊಂಡು ಬಂದಿದೆ. ನೆರೆಯವರ ಧರ್ಮವನ್ನು ಖಂಡನೆಗಾಗಿಯೂ ಅಲ್ಲ, ಅನುಕರಣೆಗಾಗಿಯೂ ಅಲ್ಲ, ತನ್ನ ಆಚರಣೆಯನ್ನು ಪರೀಕ್ಷಿಸಿಕೊಳ್ಳುವುದಕ್ಕಾಗಿ ನೋಡುವುದು ಅನೇಕಾಂತಕ್ಕೆ ಒಪ್ಪುವ ಮಾರ್ಗ. ಆ ಸಮುದಾಯದ ಪಾಪನಿವೇದನೆಯ ಸಂಸ್ಕಾರವು ಶ್ರಾವಕರು ವಿಚಾರ ಮಾಡಬೇಕಾದ ಒಂದು ಪ್ರಶ್ನೆಯನ್ನು ಮುಂದಿಡುತ್ತದೆ. ಆತ್ಮದ ಮೇಲೆ ದುಷ್ಟಶಕ್ತಿಯ ಆಕ್ರಮಣವಾದಾಗ ಅದು ಯಾವ ಬಾಗಿಲಿನಿಂದ ಒಳಗೆ ಬರುತ್ತದೆ?

ಯೇಸುಸಭೆಯ ಸ್ಥಾಪಕರಲ್ಲಿ ಪ್ರಮುಖನಾದ ಇಗ್ನೇಷಿಯಸ್ ಲೊಯೋಲನ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಗ್ರಂಥ 1548ರಲ್ಲಿ ಪೋಪರ ಸಮ್ಮತಿ ಪಡೆಯಿತು. ಅದರಲ್ಲಿ ಆತ ಸೈತಾನನನ್ನು ಒಬ್ಬ ಕಪಟ ಪ್ರಣಯಿಗೆ ಹೋಲಿಸಿದ್ದಾನೆ. ಕುಲೀನ ಮನೆಯ ಹೆಣ್ಣನ್ನು ಮರುಳುಮಾಡಲು ಬಂದವನು ತನ್ನ ಮಾತು ಗುಟ್ಟಾಗಿ ಉಳಿಯಲೆಂದು ಬಯಸುತ್ತಾನೆ. ಅದು ಆಕೆಯ ತಂದೆಗೋ ಪತಿಗೋ ತಿಳಿದೊಡನೆ ಅವನ ಹಂಚಿಕೆ ಮುರಿದುಬೀಳುತ್ತದೆ. ಹಾಗೆಯೇ ಮನಸ್ಸಿನಲ್ಲಿ ಹೊಕ್ಕ ದುಷ್ಪ್ರೇರಣೆಯು ಯೋಗ್ಯ ಗುರುವಿನ ಮುಂದೆ ಬಯಲಾದರೆ ಶಕ್ತಿಗುಂದುತ್ತದೆ. ಆಕ್ರಮಣದ ಬಲವಿರುವುದು ಗುಟ್ಟಿನಲ್ಲಿ ಎಂಬುದೇ ಈ ಉಪಮೆಯ ತಾತ್ಪರ್ಯ.

ಎರಡನೆಯ ಬಾಗಿಲು ಹಗೆತನ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ, ಪರರ ತಪ್ಪನ್ನು ಕ್ಷಮಿಸುವಂತೆ ತನ್ನ ತಪ್ಪಿಗೂ ಕ್ಷಮೆ ಬೇಡುವ ಮಾತು ಮೊದಲು ಬಂದು, ಶೋಧನೆಯಿಂದಲೂ ಕೇಡಿನಿಂದಲೂ ಬಿಡುಗಡೆ ಬೇಡುವ ಮಾತು ಅದರ ಬೆನ್ನಿಗೇ ಬರುತ್ತದೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನು, ಸಭೆಯಿಂದ ದಂಡನೆ ಪಡೆದವನೊಬ್ಬನನ್ನು ಇನ್ನು ಕ್ಷಮಿಸಿ ಸಂತೈಸಬೇಕೆಂದೂ, ಇಲ್ಲವಾದರೆ ಆತ ಅತಿಯಾದ ದುಃಖದಲ್ಲಿ ಮುಳುಗುವನೆಂದೂ, ಸೈತಾನನಿಗೆ ಅವಕಾಶ ದೊರೆಯುವುದೆಂದೂ ಎಚ್ಚರಿಸುತ್ತಾನೆ. ಕ್ಷಮಿಸದ ಸಮುದಾಯವೂ ಆಕ್ರಮಣಕ್ಕೆ ಒಳಗಾಗುತ್ತದೆ ಎಂಬ ಈ ಮಾತು ಗಮನಾರ್ಹ.

ಇದರಿಂದ ಪಾಪನಿವೇದನೆಯು ಸುಲಭವಾದ ಬಿಡುಗಡೆಯೆಂದು ತಿಳಿಯಬಾರದು. ಕ್ಯಾಥೋಲಿಕ್ ಧರ್ಮಸಭೆ 1215ರ ಲ್ಯಾಟರನ್ ಮಹಾಸಭೆಯಲ್ಲಿ ವರ್ಷಕ್ಕೊಮ್ಮೆಯಾದರೂ ನಿವೇದನೆ ಮಾಡಬೇಕೆಂದು ವಿಧಿಸಿತು. ಪಶ್ಚಾತ್ತಾಪ, ಬಾಯಿಬಿಟ್ಟು ಹೇಳುವಿಕೆ, ಪ್ರಾಯಶ್ಚಿತ್ತ ಈ ಮೂರೂ ಅದರಲ್ಲಿ ಇರಬೇಕು. ಕದ್ದದ್ದನ್ನು ಹಿಂದಿರುಗಿಸುವ ಮನಸ್ಸಿಲ್ಲದವನ ಪಶ್ಚಾತ್ತಾಪ ಪಶ್ಚಾತ್ತಾಪವೇ ಅಲ್ಲ. ಕೇಳಿದ ಗುರುವಾದರೋ ಅದನ್ನು ಯಾರಲ್ಲಿಯೂ ಹೊರಗೆಡಹುವಂತಿಲ್ಲ.

ಜಿನಾಗಮವು ಇದೇ ಮರ್ಮವನ್ನು ‘ಶಲ್ಯ’ ಎಂಬ ಒಂದು ಶಬ್ದದಲ್ಲಿ ಹಿಡಿದಿಟ್ಟಿದೆ. ಮಾಯಾ, ಮಿಥ್ಯಾತ್ವ, ನಿದಾನ ಎಂಬ ಮೂರು ಮುಳ್ಳುಗಳಿಲ್ಲದವನೇ ವ್ರತಿಯೆಂದು ತತ್ತ್ವಾರ್ಥಸೂತ್ರ ಸಾರುತ್ತದೆ. ತಪ್ಪನ್ನು ಗುರುವಿನ ಮುಂದೆ ಇದ್ದುದಿದ್ದಂತೆ ತೆರೆದಿಡುವ ‘ಆಲೋಚನಾ’ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು. ಶಿವಾರ್ಯರ ‘ಭಗವತೀ ಆರಾಧನೆ’ ಈ ಆಲೋಚನೆಗೆ ತಗಲುವ ಹತ್ತು ದೋಷಗಳನ್ನು ಎಣಿಸುತ್ತದೆ. ಗುರುವಿನಲ್ಲಿ ಕನಿಕರ ಹುಟ್ಟಿಸಿ ಹಗುರವಾದ ಪ್ರಾಯಶ್ಚಿತ್ತ ಪಡೆಯುವುದು, ಪರರ ಕಣ್ಣಿಗೆ ಬಿದ್ದ ತಪ್ಪನ್ನಷ್ಟೇ ಹೇಳುವುದು, ದೊಡ್ಡದನ್ನು ಮರೆಮಾಡಲು ಸಣ್ಣದನ್ನು ಹೇಳುವುದು, ಬಹುಜನರ ಗದ್ದಲದ ನಡುವೆ ಗುರುವಿಗೆ ಕೇಳಿಸದಂತೆ ಹೇಳಿ ಮುಗಿಸುವುದು ಇವು ಅವುಗಳಲ್ಲಿ ಕೆಲವು. ಕಡೆಯ ದೋಷಕ್ಕೆ ‘ಶಬ್ದಾಕುಲಿತ’ವೆಂದು ಹೆಸರು.

ಎರಡು ಧರ್ಮಗಳ ನಡುವಣ ಅಂತರವನ್ನು ಮರೆಯುವುದು ಪ್ರಾಮಾಣಿಕವಲ್ಲ. ಕ್ರೈಸ್ತನಿಗೆ ಕ್ಷಮೆ ದೇವರ ಕೃಪೆ. ಗುರು ಆತನ ಹೆಸರಿನಲ್ಲಿ ಅದನ್ನು ನೀಡುತ್ತಾನೆ. ಜೈನನಿಗೆ ಕರ್ಮವನ್ನು ಮನ್ನಿಸುವ ಒಡೆಯನಿಲ್ಲ. ಕ್ಷಮೆಯಿಂದ ಕಷಾಯ ಅಡಗುತ್ತದೆ, ನಿರ್ಜರೆಗೆ ದಾರಿಯಾಗುತ್ತದೆ. ಅಲ್ಲಿ ಬಿಡುಗಡೆ ದೊರೆಯುವುದು, ಇಲ್ಲಿ ಅದನ್ನು ದುಡಿದು ಪಡೆಯುವುದು. ಆದರೆ ಮುಚ್ಚಿಟ್ಟ ಮುಳ್ಳನ್ನು ಹೊರತೆಗೆಯದೆ ಗಾಯ ಮಾಯದೆಂಬುದರಲ್ಲಿ ಎರಡೂ ಒಂದೇ.

ಹಾಗಾದರೆ ಕ್ಷಮೆ ಬೇಡಿದವನಿಗೆ ಆಕ್ರಮಣ ತಪ್ಪುವುದೇ? ಪಾರ್ಶ್ವನಾಥನ ಪೂರ್ವಭವದ ಕಥೆ ಇದಕ್ಕೆ ಕಠಿಣವಾದ ಉತ್ತರ ಕೊಡುತ್ತದೆ. ಮರುಭೂತಿಯ ಬಾಳಿಗೆ ಕೇಡು ಬಗೆದವನು ಅಣ್ಣನಾದ ಕಮಠ. ಆದರೂ ಕ್ಷಮೆ ಬೇಡಿ ಅಣ್ಣನ ಬಳಿಗೆ ಹೋದವನು ಮರುಭೂತಿಯೇ. ಬಾಗಿದ ಆ ತಲೆಯ ಮೇಲೆ ಕಮಠ ಕಲ್ಲನ್ನು ಎತ್ತಿಹಾಕಿದನು. ಆ ವೈರ ಭವಭವಾಂತರಗಳಲ್ಲಿ ಹರಿದು ಕೊನೆಗೆ ಧ್ಯಾನಸ್ಥನಾದ ಪಾರ್ಶ್ವನ ಮೇಲೆ ಘೋರ ಉಪಸರ್ಗವಾಗಿ ಸುರಿಯಿತು. ಧರಣೇಂದ್ರ ಹೆಡೆಯೆತ್ತಿ ರಕ್ಷಿಸಿದುದು ನಿಜ. ಆದರೆ ಉಪಸರ್ಗವನ್ನು ನಿಷ್ಫಲಗೊಳಿಸಿದುದು ಸ್ವಾಮಿಯಲ್ಲಿ ಮರುವೈರದ ಲೇಶವೂ ಇಲ್ಲದಿದ್ದುದು. ಹೊಡೆದವನಲ್ಲಿಯೂ ಹೆಡೆಯೆತ್ತಿದವನಲ್ಲಿಯೂ ಸಮಭಾವ ತಾಳಿದವನಿಗೆ ಕೇವಲಜ್ಞಾನ ಉದಯಿಸಿತು. ಕ್ಷಮೆ ಎದುರಾಳಿಯ ಕೈಯನ್ನು ತಡೆಯದಿರಬಹುದು. ಆ ಕೈಗೆ ಆತ್ಮದೊಳಗೆ ಹಿಡಿ ಸಿಗದಂತೆ ಮಾಡುತ್ತದೆ.

ಇಲ್ಲಿ ಒಂದು ವಿವೇಕವೂ ಅಗತ್ಯ. ನಿದ್ರೆಯಿಲ್ಲದ ಭೀತಿ, ಅಶರೀರ ಧ್ವನಿ, ಬದುಕು ಬೇಡವೆನಿಸುವ ಖಿನ್ನತೆ ಇವೆಲ್ಲ ದುಷ್ಟಶಕ್ತಿಯ ಕಾಟವೆಂದೋ ಬಚ್ಚಿಟ್ಟ ಪಾಪದ ಫಲವೆಂದೋ ರೋಗಿಯನ್ನು ಪೀಡಿಸುವುದು ಹಿಂಸೆ. ಅಂಥವರಿಗೆ ವೈದ್ಯರ ಚಿಕಿತ್ಸೆ ದೊರಕಿಸುವುದೇ ದಯೆ. ಅಂತೆಯೇ ಪೆಟ್ಟು ತಿಂದವನನ್ನು ‘ಕ್ಷಮಿಸಿಬಿಡು’ ಎಂದು ಒತ್ತಾಯಿಸಿ ಅನ್ಯಾಯ ಮಾಡಿದವನನ್ನು ಕಾಪಾಡುವುದು ಧರ್ಮವಲ್ಲ.

ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿ ಬಂದಾಗ ಬಸದಿಯ ಅಂಗಳದಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿಯುತ್ತಾರೆ. ಅಚ್ಚಿಸಿದ ಕ್ಷಮಾಪಣಾ ಪತ್ರಗಳು ದೂರದೂರಿಗೆ ಹೋಗುತ್ತವೆ. ಆದರೆ ಗೋಡೆಯ ಆಚೆಗಿರುವ ದಾಯಾದಿಗೆ, ಪಾಲಿನಲ್ಲಿ ಮೋಸಹೋದ ತಂಗಿಗೆ, ಲೆಕ್ಕ ಕೇಳಿದ ಕಾರಣಕ್ಕೆ ಟ್ರಸ್ಟಿನಿಂದ ದೂರವಿರಿಸಿದ ಸದಸ್ಯನಿಗೆ ಆ ಮಾತು ತಲಪಿತೇ? ಸಾವಿರ ಜನರಿಗೆ ಒಮ್ಮೆಗೇ ಹೇಳಿ, ಹೇಳಬೇಕಾದ ಒಬ್ಬನಿಗೆ ಹೇಳದ ಕ್ಷಮಾಪಣೆಯೇ ಶಬ್ದಾಕುಲಿತ ದೋಷ. ಆ ಗದ್ದಲದಲ್ಲಿ ಮುಳ್ಳು ಇನ್ನಷ್ಟು ಆಳಕ್ಕೆ ಇಳಿಯುತ್ತದೆ.

ತಪ್ಪಿಗೆ ಹೆಸರಿಟ್ಟು, ನೊಂದವನ ಮನೆಗೆ ತಾನೇ ನಡೆದು, ಹಿಂದಿರುಗಿಸಬೇಕಾದುದನ್ನು ಹಿಂದಿರುಗಿಸಿ ಆಡಿದ ಒಂದು ಮಾತು ಅಚ್ಚಾದ ಸಾವಿರ ಪತ್ರಗಳಿಗಿಂತ ತೂಕವುಳ್ಳದ್ದು. ಅಲ್ಲಿ ಬಾಗಿಲು ತೆರೆಯದೆಯೂ ಇರಬಹುದು, ಮರುಭೂತಿಗೆ ದೊರೆತ ಉತ್ತರವೇ ದೊರೆಯಲೂಬಹುದು. ಆದರೂ ನಡೆದುಹೋದವನ ಎದೆಯಲ್ಲಿ ಶಲ್ಯ ಉಳಿಯದು. ಶಲ್ಯವಿಲ್ಲದ ಆತ್ಮದಲ್ಲಿ ವೈರಿಗೆ ನೆಲೆಯಿಲ್ಲ.